ಎಕ್ಸ್ ಅಕ್ಷರದ ಪದಗಳು

ಇಂಗ್ಲಿಷ್ ನಿಘಂಟಿನಲ್ಲಿ ಎಕ್ಸ್ ಅಕ್ಷರಕ್ಕೆ ದೊರೆತಿರುವುದು ಕೆಲವೇ ಪುಟಗಳು. ಮಕ್ಕಳ ಪುಸ್ತಕಗಳು ಎಕ್ಸ್-ರೇ ಚಿತ್ರವೊಂದನ್ನು ಮುದ್ರಿಸಿ ಮುಂದೆ ಸಾಗುತ್ತವೆ. ಅಲ್ಲಿ ಎಕ್ಸ್ ಎಂಬುದು ಅಕ್ಷರದ ಹೆಸರು ಮಾತ್ರ. 1895ರಲ್ಲಿ ರಾಂಟ್ಜನ್ ತಾನು ಕಂಡ ಕಿರಣದ ಸ್ವರೂಪ ತಿಳಿಯದೆ, ಬೀಜಗಣಿತದ ಅವ್ಯಕ್ತದಂತೆ ಅದನ್ನು ಎಕ್ಸ್ ಎಂದು ಕರೆದನು.

ಉಳಿದವುಗಳಲ್ಲಿ ಬಹುಪಾಲು ಗ್ರೀಕ್ ಮೂಲದವು. ಇಂಗ್ಲಿಷಿನಲ್ಲಿ ಇವುಗಳ ಆದ್ಯಕ್ಷರದ ಉಚ್ಚಾರ 'ಝ'. ಪ್ರೌಢಶಾಲೆಯಲ್ಲಿ 'ಕ್ಸೈಲಂ' ಎಂದು ಕನ್ನಡದಲ್ಲಿ ಓದಿದ ವಿದ್ಯಾರ್ಥಿ ಕಾಲೇಜಿನಲ್ಲಿ 'ಝೈಲಮ್' ಎಂದು ಕೇಳಿದಾಗ, ಅದು ಬೇರೆಯೇ ಪದವೆಂದು ತಬ್ಬಿಬ್ಬಾಗುವುದು ಸಹಜ. ಆದುದರಿಂದ ಇಂತಹ ಪದಗಳನ್ನು ಕಂಠಪಾಠ ಮಾಡಿಸುವುದಕ್ಕಿಂತ ಅವುಗಳ ಮೂಲವನ್ನು ತಿಳಿಸುವುದೇ ಲೇಸು ಎಂಬುದು ನನ್ನ ದೃಢ ಅಭಿಪ್ರಾಯ. ಮುಖ್ಯವಾದವು ಮೂರೇ.

'ಕ್ಸೈಲಾನ್' ಎಂದರೆ ಮರ. ಸಸ್ಯದಲ್ಲಿ ನೀರನ್ನು ಮೇಲಕ್ಕೊಯ್ಯುವ ಅಂಗಾಂಶ ಝೈಲಮ್. ಮರದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ ಝೈಲೋಫೋನ್. 'ಕ್ಸೆರೋಸ್' ಎಂದರೆ ಒಣಗಿದ್ದು. ಒಣನೆಲದಲ್ಲಿ ಬಾಳುವ ಕಳ್ಳಿಯಂತಹ ಸಸ್ಯ ಝೆರೋಫೈಟ್. ದ್ರವ ಶಾಯಿಯಿಲ್ಲದೆ ಒಣಪುಡಿಯಿಂದ ಪ್ರತಿ ತೆಗೆಯುವ ವಿಧಾನದಿಂದ ಬಂದ ಕಂಪನಿಯ ಹೆಸರೇ ನಮ್ಮ ಬೀದಿಬೀದಿಯ 'ಜೆರಾಕ್ಸ್'. 'ಕ್ಸೆನೋಸ್' ಎಂದರೆ ಅಪರಿಚಿತ. 1898ರಲ್ಲಿ ಪತ್ತೆಯಾದ ಅನಿಲ ಝೆನಾನ್. ಪರಕೀಯರ ಬಗೆಗಿನ ಭಯ, ದ್ವೇಷ ಝೆನೋಫೋಬಿಯಾ.

ಗ್ರೀಕರಲ್ಲಿ ಕ್ಸೆನೋಸ್ ಎಂದರೆ ಅತಿಥಿಯೂ ಹೌದು. ಇಂಗ್ಲಿಷಿನಲ್ಲಿ ಭಯದ ಪದವು ಪತ್ರಿಕೆಗಳ ತುಂಬ ಹರಡಿತು. ಆತಿಥ್ಯವನ್ನು ಸೂಚಿಸುವ 'ಝೀನಿಯಾ' ವಿದ್ವಾಂಸರ ಪುಸ್ತಕಗಳಲ್ಲೇ ಉಳಿಯಿತು. ಮೂಲವನ್ನು ಅರಿತ ವಿದ್ಯಾರ್ಥಿಗೆ ಈ ಎರಡೂ ಅರ್ಥಗಳು ಕಾಣುತ್ತವೆ. ಕೇವಲ ಕಾಗುಣಿತವನ್ನು ಉರುಹೊಡೆದವನಿಗೆ ಪರೀಕ್ಷೆಯ ಅಂಕವಷ್ಟೇ ದಕ್ಕುತ್ತದೆ.