ಚಿಕಿತ್ಸೆಗೆ ದಿಲ್ಲಿಯ ಅಪ್ಪಣೆ ಯಾಕೆ?

ಜುಮಾ ನಮಾಝ್ ಮುಗಿಸಿ ಹೊರಬರುವಾಗ ಮಸೀದಿಯ ಮೆಟ್ಟಿಲ ಬಳಿ ಯಾರಾದರೊಬ್ಬರು ನಿಂತಿರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಲಕೋಟೆ. ಅದರೊಳಗೆ ಆಸ್ಪತ್ರೆಯವರು ಬರೆದುಕೊಟ್ಟ ಅಂದಾಜು ವೆಚ್ಚ, ಊರಿನ ಜಮಾಅತ್ ಕಮಿಟಿಯ ಮೊಹರು ಬಿದ್ದ ಪತ್ರ. ಮಗನ ಹೃದಯದ ಶಸ್ತ್ರಚಿಕಿತ್ಸೆಯೋ ಹೆಂಡತಿಯ ಕ್ಯಾನ್ಸರೋ ಇರುತ್ತದೆ. ನಾವು ಹತ್ತೋ ಐವತ್ತೋ ಕೊಟ್ಟು ಚಪ್ಪಲಿ ಹುಡುಕುತ್ತೇವೆ. ಇದು ನಮ್ಮ ಸಮುದಾಯದ ಕತೆ ಮಾತ್ರವಲ್ಲ. ಬಸ್ ನಿಲ್ದಾಣಗಳಲ್ಲಿ ಮಗುವಿನ ಫೋಟೋ ಅಂಟಿಸಿದ ಡಬ್ಬಿಗಳಿವೆ. ಉಡುಪಿಯ ಅಷ್ಟಮಿಗೆ ವೇಷ ಹಾಕಿ, ಮೈಗೆ ಬಣ್ಣ ಬಳಿದುಕೊಂಡು, ಯಾರದ್ದೋ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವ ಪುಣ್ಯಾತ್ಮರಿದ್ದಾರೆ. ಅವರ ಬಗ್ಗೆ ಗೌರವವಿದೆ. ಆದರೆ ಸರಕಾರವೊಂದು ಅಸ್ತಿತ್ವದಲ್ಲಿರುವ ನಾಡಿನಲ್ಲಿ ಮಗುವಿನ ಹೃದಯದ ಕವಾಟ ವೇಷಧಾರಿಯ ಕುಣಿತವನ್ನು ಅವಲಂಬಿಸಬೇಕೇ?

ಈ ಪ್ರಶ್ನೆ ಎತ್ತಿದಾಗಲೆಲ್ಲ ಒಂದು ಸಿದ್ಧ ಉತ್ತರ ಬರುತ್ತದೆ: ಕೇಂದ್ರದ ಆಯುಷ್ಮಾನ್ ಭಾರತ್ ಇದೆಯಲ್ಲ, ದೇಶಕ್ಕೆಲ್ಲ ಒಂದೇ ಕಾರ್ಡು ಸಾಕು, ರಾಜ್ಯಗಳು ತಮ್ಮದೇ ಆರೋಗ್ಯ ವಿಮೆ ಮಾಡಲು ಹೊರಡುವುದು ರಾಜಕೀಯ ಹಟ ಎಂದು. ಇನ್ನು ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಮೆ ಕೇಂದ್ರದ ವಿಷಯ, ರಾಜ್ಯಕ್ಕೆ ಅದರಲ್ಲಿ ಅಧಿಕಾರವೇ ಇಲ್ಲ ಎನ್ನುತ್ತಾರೆ. ಈ ಎರಡೂ ಮಾತುಗಳು ತಪ್ಪು.

ಸಂವಿಧಾನದ ಏಳನೇ ಅನುಸೂಚಿಯನ್ನೇ ನೋಡಿ. ಕೇಂದ್ರ ಪಟ್ಟಿಯ 47ನೇ ನಮೂದು ವಿಮೆ, ನಿಜ. ಅದು ವಿಮಾ ವ್ಯವಹಾರದ ಮಾತು. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯಗಳು ಇರುವುದು ರಾಜ್ಯ ಪಟ್ಟಿಯ 6ನೇ ನಮೂದಿನಲ್ಲಿ. ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆ ಇರುವುದು ಸಮವರ್ತಿ ಪಟ್ಟಿಯ 23ನೇ ನಮೂದಿನಲ್ಲಿ. ಅಂದರೆ ಲಾಭಕ್ಕಾಗಿ ಪಾಲಿಸಿ ಮಾರುವ ಕಂಪನಿಯನ್ನು ನಿಯಂತ್ರಿಸುವುದು ದಿಲ್ಲಿಯ ಕೆಲಸ; ತನ್ನ ಪ್ರಜೆಯ ಆಸ್ಪತ್ರೆಯ ಬಿಲ್ಲನ್ನು ತನ್ನ ಬೊಕ್ಕಸದಿಂದ ಕಟ್ಟುವುದಕ್ಕೆ ಬೆಂಗಳೂರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಕೇಳಿಯೂ ಇರಲಿಲ್ಲ. ಕೇಂದ್ರ ಸರಕಾರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ ತಂದದ್ದು 2008ರಲ್ಲಿ. ಅದೂ ಐವರು ಸದಸ್ಯರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ. ಆರನೆಯವನು ಕಾಯಿಲೆ ಬೀಳಕೂಡದು ಎಂಬಂತೆ. ಅದಕ್ಕೆ ಐದು ವರ್ಷ ಮೊದಲೇ, 2003ರಲ್ಲಿ, ಕರ್ನಾಟಕದ ಸಹಕಾರಿ ಸಂಘಗಳ ರೈತರು ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಯಶಸ್ವಿನಿಗೆ ಸೇರಿದ್ದರು. ಮೊದಲ ವರ್ಷವೇ ಸುಮಾರು 16 ಲಕ್ಷ ಮಂದಿ. ಅದರಲ್ಲಿ ವಿಮಾ ಕಂಪನಿಯೇ ಇರಲಿಲ್ಲ, ಟ್ರಸ್ಟ್ ಇತ್ತು. 2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಗುಲ್ಬರ್ಗ ವಿಭಾಗದಲ್ಲಿ ಶುರುವಾಯಿತು. ಬಡವನಿಂದ ಒಂದು ಪೈಸೆ ಕಂತೂ ಇಲ್ಲ. ಹೆಸರು ಯಾರದ್ದೇ ಇರಲಿ, ಕೆಲಸ ಆಯಿತೇ ಎಂಬುದು ಮುಖ್ಯ. ಯೋಜನೆ ಜಾರಿಯಾದ ಪ್ರದೇಶದ ಗಡಿಯ ಎರಡೂ ಬದಿಯ ಹಳ್ಳಿಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಡಿ ಚಿಕಿತ್ಸೆ ಸಿಗುವ ಕಾಯಿಲೆಗಳಿಂದ ಬಿಪಿಎಲ್ ಕುಟುಂಬಗಳಲ್ಲಿ ಸತ್ತವರು ಗಡಿಯ ಒಳಗೆ ಶೇ. 0.32, ಹೊರಗೆ ಶೇ. 0.90. ಅದೇ ಬಡತನದ ಜನ. ಕೆಲವರ ಊರು ಮಾತ್ರ ಗೆರೆಯ ಆಚೆಗಿತ್ತು. ರಾಜ್ಯದಿಂದ ಇದು ಸಾಧ್ಯವೇ ಎಂದು ಕೇಳುವವರಿಗೆ ಇದಕ್ಕಿಂತ ಬೇರೆ ಪುರಾವೆ ಏನು ಬೇಕು?

ಇನ್ನು ಹಣದ ಮಾತು. 2018ರ ಮಾರ್ಚ್‌ನಲ್ಲಿ ರಾಜ್ಯ ತನ್ನದೇ ಆರೋಗ್ಯ ಕರ್ನಾಟಕ ಆರಂಭಿಸಿತು. ಅದೇ ಅಕ್ಟೋಬರ್‌ನಲ್ಲಿ ಅದನ್ನು ಕೇಂದ್ರದ ಯೋಜನೆಯೊಂದಿಗೆ ಸೇರಿಸಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂದು ಕರೆಯಲಾಯಿತು. ಕೇಂದ್ರ ಶೇ. 60, ರಾಜ್ಯ ಶೇ. 40 ಎಂದು ಕೇಳಿದರೆ ದಿಲ್ಲಿಯೇ ಹೆಚ್ಚು ಹೊರುತ್ತಿದೆ ಅನಿಸುತ್ತದೆ. ಆದರೆ ಆ ಲೆಕ್ಕ ಅನ್ವಯಿಸಿದ್ದು 2011ರ ಸಾಮಾಜಿಕ-ಆರ್ಥಿಕ ಗಣತಿಯ ಪಟ್ಟಿಯಲ್ಲಿದ್ದ ಸುಮಾರು 62 ಲಕ್ಷ ಕುಟುಂಬಗಳಿಗೆ. ರಾಜ್ಯ ಸೇರಿಸಿಕೊಂಡದ್ದು ಒಂದು ಕೋಟಿಗೂ ಹೆಚ್ಚು ಕುಟುಂಬಗಳನ್ನು. ಉಳಿದವರ ಇಡೀ ಖರ್ಚು ರಾಜ್ಯದ್ದೇ. ಹಾಗಿದ್ದೂ ಕಾರ್ಡಿನಲ್ಲಿ ಮೊದಲ ಹೆಸರು ಕೇಂದ್ರದ ಯೋಜನೆಯದ್ದು! ಮದುವೆಯ ಖರ್ಚೆಲ್ಲ ಒಬ್ಬನದ್ದು, ಆಮಂತ್ರಣ ಪತ್ರದಲ್ಲಿ ಹೆಸರು ಇನ್ನೊಬ್ಬನದ್ದು ಎಂಬಂತಾಯಿತು. ಇದನ್ನು ಒಕ್ಕೂಟ ವ್ಯವಸ್ಥೆ ಎನ್ನುವುದಾದರೆ ಆ ಪದದ ಅರ್ಥವನ್ನೇ ಹೊಸದಾಗಿ ಕಲಿಯಬೇಕಾದೀತು. ಪಶ್ಚಿಮ ಬಂಗಾಳ ಇದೇ ತಕರಾರು ತೆಗೆದು 2019ರ ಜನವರಿಯಲ್ಲಿ ಹೊರನಡೆದು, 2016ರಿಂದಲೇ ಇದ್ದ ತನ್ನ ಸ್ವಾಸ್ಥ್ಯ ಸಾಥಿಯನ್ನು ವಿಸ್ತರಿಸಿತು. ಅಲ್ಲಿ ಕಾರ್ಡು ಮನೆಯ ಹೆಣ್ಣುಮಗಳ ಹೆಸರಿನಲ್ಲಿ. ಈ ಒಂದು ವಿಷಯವನ್ನು ನಾವೂ ಕಲಿಯಬಹುದಿತ್ತು.

ಎದುರುವಾದಿಗಳ ಒಂದು ವಾದಕ್ಕೆ ಮಾತ್ರ ನಿಜವಾದ ತೂಕವಿದೆ. ರಾಜ್ಯದ ಕಾರ್ಡು ಗಡಿಯಲ್ಲಿ ನಿಂತುಬಿಡುತ್ತದೆ. ರಾಯಚೂರಿನ ಕೂಲಿ ಪುಣೆಯಲ್ಲಿ ಕಟ್ಟಡದಿಂದ ಬಿದ್ದರೆ ಏನು ಮಾಡಬೇಕು? ಕರಾವಳಿಯವರಾದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಸರಗೋಡಿನ ಕನ್ನಡಿಗನಿಗೂ ಬ್ಯಾರಿಗೂ ಆಸ್ಪತ್ರೆ ಎಂದರೆ ಮಂಗಳೂರೇ, ತಿರುವನಂತಪುರವಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾ ನೆಪದಲ್ಲಿ ಕರ್ನಾಟಕ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು, ಚಿಕಿತ್ಸೆ ಸಿಗದೆ ಜನ ಸತ್ತರು, ಕೊನೆಗೆ ಕೇರಳ ಹೈಕೋರ್ಟ್ ರಸ್ತೆ ತೆರೆಯಲು ಹೇಳಬೇಕಾಯಿತು. ಅಂದು ನಮ್ಮ ರಾಜ್ಯ ನಡೆದುಕೊಂಡ ರೀತಿ ನಾಚಿಕೆಗೇಡಿನದು. ರಾಜ್ಯಗಳ ಹಕ್ಕಿನ ಪರವಾಗಿ ಬರೆಯುವವನು ಇದನ್ನು ಮರೆಮಾಚಬಾರದು. ಆದರೆ ಇದಕ್ಕೆ ಪರಿಹಾರ ಎಲ್ಲ ಯೋಜನೆಗಳನ್ನೂ ದಿಲ್ಲಿಗೆ ಒಪ್ಪಿಸುವುದಲ್ಲ. ಮಂಗಳೂರಿನ ಆಸ್ಪತ್ರೆ ಕೇರಳದ ಕಾರ್ಡನ್ನೂ ಪುಣೆಯ ಆಸ್ಪತ್ರೆ ಕರ್ನಾಟಕದ ಕಾರ್ಡನ್ನೂ ಒಪ್ಪುವಂತೆ ರಾಜ್ಯಗಳು ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಲೆಕ್ಕ ಚುಕ್ತಾ ಮಾಡಿಕೊಳ್ಳಬಹುದು. ಕೇಂದ್ರ ಅದಕ್ಕೆ ಸೇತುವೆಯಾಗಲಿ, ಯಜಮಾನನಾಗುವುದು ಬೇಡ.

ನಮ್ಮ ಓದುಗರಲ್ಲಿ ಕೆಲವರಿಗೆ ವಿಮೆ ಎಂಬ ಪದದ ಬಗ್ಗೆಯೇ ಅಳುಕಿದೆ. ಬಡ್ಡಿ, ಅನಿಶ್ಚಿತತೆಯ ವ್ಯಾಪಾರ ಎಂಬ ಕಾರಣಕ್ಕೆ ವಾಣಿಜ್ಯ ವಿಮೆಯನ್ನು ಉಲಮಾಗಳಲ್ಲಿ ಅನೇಕರು ಒಪ್ಪಿಲ್ಲ. ಆದರೆ ಸರಕಾರ ತೆರಿಗೆಯ ಹಣದಿಂದ, ಟ್ರಸ್ಟಿನ ಮೂಲಕ, ಲಾಭವಿಲ್ಲದೆ ರೋಗಿಯ ಖರ್ಚು ಭರಿಸಿದರೆ ಅದು ಬೈತುಲ್ ಮಾಲ್‌ಗೆ ಹತ್ತಿರದ್ದೇ ಹೊರತು ವಿಮಾ ಏಜೆಂಟನ ಚೀಲಕ್ಕಲ್ಲ. ಕೈರೋದಲ್ಲಿ ಸುಲ್ತಾನ್ ಖಲಾವೂನ್ 1284ರಲ್ಲಿ ಸ್ಥಾಪಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯಿತು. ಅಲ್ಲಿನ ರೋಗಿ ಯಾವ ಕಂತನ್ನೂ ಕಟ್ಟಿರಲಿಲ್ಲ. ಆಂಧ್ರ 2007ರಲ್ಲಿ ಆರೋಗ್ಯಶ್ರೀಯನ್ನು ಕಂಪನಿಯ ಮೂಲಕ ಆರಂಭಿಸಿ ಬಳಿಕ ಟ್ರಸ್ಟಿಗೆ ತಂದಿತು. ಕೇರಳ 2020ರಲ್ಲಿ ವಿಮಾ ಕಂಪನಿಯನ್ನು ಬಿಟ್ಟು ತನ್ನದೇ ಆರೋಗ್ಯ ಏಜೆನ್ಸಿಗೆ ವಹಿಸಿತು. ಮಧ್ಯವರ್ತಿಯನ್ನು ಸಾಕುವ ಅಗತ್ಯವಿಲ್ಲವೆಂದು ಅನುಭವವೇ ಕಲಿಸಿದೆ.

ಅಪಾಯ ಇರುವುದು ಬೇರೆ ಕಡೆ. ಸಾರ್ವಜನಿಕ ಹಣ ಖಾಸಗಿ ಆಸ್ಪತ್ರೆಗೆ ಹರಿಯತೊಡಗಿದರೆ, ಅದರ ಮೇಲೆ ಕಣ್ಣಿಡುವವರು ಯಾರು? 2012ರಲ್ಲಿ ಛತ್ತೀಸ್‌ಗಢ, ಬಿಹಾರಗಳಲ್ಲಿ ವಿಮೆಯ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶವನ್ನೇ ಅನಗತ್ಯವಾಗಿ ತೆಗೆದ ಸುದ್ದಿ ಬಂತು. ನಮ್ಮಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ನಿಯಂತ್ರಣಕ್ಕೆಂದು 2017ರಲ್ಲಿ ತಿದ್ದುಪಡಿ ಮಸೂದೆ ತಂದಾಗ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಆಸ್ಪತ್ರೆಗಳ ಬಾಗಿಲು ಹಾಕಿ ಬೆಳಗಾವಿಗೆ ಹೋದರು. ಮಸೂದೆ ಪಾಸಾಯಿತು, ಹಲ್ಲು ಕಿತ್ತ ನಂತರ. ರಾಜಸ್ಥಾನ 2023ರಲ್ಲಿ ಆರೋಗ್ಯದ ಹಕ್ಕಿನ ಕಾಯ್ದೆ ತಂದಾಗಲೂ ಇದೇ ನಾಟಕ. 1962ರಲ್ಲಿ ಕೆನಡಾದ ಸಸ್ಕಾಚೆವಾನ್ ಎಂಬ ಪ್ರಾಂತ್ಯ, ಹತ್ತು ಲಕ್ಷವೂ ಇಲ್ಲದ ಜನಸಂಖ್ಯೆಯದ್ದು, ಎಲ್ಲರಿಗೂ ಸರಕಾರಿ ವೈದ್ಯಕೀಯ ವಿಮೆ ಜಾರಿಗೊಳಿಸಿದಾಗ ವೈದ್ಯರು 23 ದಿನ ಮುಷ್ಕರ ಹೂಡಿದ್ದರು. ಅಲ್ಲಿನ ಸರಕಾರ ಯೋಜನೆಯನ್ನು ಬಿಡಲಿಲ್ಲ. ನಾಲ್ಕೇ ವರ್ಷದಲ್ಲಿ, 1966ರಲ್ಲಿ, ಕೆನಡಾದ ಸಂಸತ್ತು ಅದೇ ಮಾದರಿಯನ್ನು ದೇಶಕ್ಕೆಲ್ಲ ಒಯ್ಯುವ ಕಾಯ್ದೆ ಮಾಡಿತು. ಪ್ರಾಂತ್ಯ ಮೊದಲು, ದೇಶ ನಂತರ! ದಿಲ್ಲಿಯ ಕಡೆಗೆ ಕೈ ತೋರಿಸುವವರು ಈ ಕ್ರಮವನ್ನು ಗಮನಿಸಬೇಕು.

ಹಾಗೆಂದು ಬೆಂಗಳೂರಿನವರು ಬೆನ್ನು ತಟ್ಟಿಕೊಳ್ಳುವುದೂ ಬೇಡ. ಆರೋಗ್ಯ ಕರ್ನಾಟಕ ಬರುವಾಗ ಯಶಸ್ವಿನಿಯನ್ನು ನಿಲ್ಲಿಸಿ, 2022ರ ಕೊನೆಯಲ್ಲಿ ಮತ್ತೆ ಎಬ್ಬಿಸಿದ್ದು ಯಾವ ಯೋಜನೆ? ನಡುವೆ ಕಾಯಿಲೆ ಬಿದ್ದ ರೈತ ಏನು ಮಾಡಬೇಕಿತ್ತು? 2018ರ ನಿಯಮದಂತೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ನಿಗದಿತ ದರದ ಶೇ. 30 ಮಾತ್ರ, ಅದೂ ಒಂದೂವರೆ ಲಕ್ಷ ಮೀರದಂತೆ. ಕೊಲ್ಲಿಯಿಂದ ಕೆಲಸ ಬಿಟ್ಟು ಬಂದು ಆಟೋ ಓಡಿಸುವವನಿಗೆ, ಅವನ ಹಳೆಯ ಮನೆಯ ಕಾರಣಕ್ಕೆ ಎಪಿಎಲ್ ಕಾರ್ಡು ಸಿಕ್ಕಿರುತ್ತದೆ. ಮಸೀದಿಯ ಮೆಟ್ಟಿಲಲ್ಲಿ ಲಕೋಟೆ ಹಿಡಿದು ನಿಲ್ಲುವವರಲ್ಲಿ ಇಂಥವರೂ ಇದ್ದಾರೆ. ಅದಲ್ಲದೆ, ಆಸ್ಪತ್ರೆಗೆ ದಾಖಲಾದರೆ ಮಾತ್ರ ಕಾರ್ಡಿಗೆ ಬೆಲೆ. ಬೀಡಿ ಕಟ್ಟುವ ಹೆಂಗಸಿನ ಆಸ್ತಮಾ, ಮುದುಕನ ಸಕ್ಕರೆ ಕಾಯಿಲೆ, ತಿಂಗಳು ತಿಂಗಳು ಮೆಡಿಕಲ್ ಅಂಗಡಿಗೆ ಸುರಿಯುವ ಹಣ ಅದರಲ್ಲಿ ಬರುವುದಿಲ್ಲ. ಕಾಲು ಕೊಳೆತ ಮೇಲೆ ಕತ್ತರಿಸಲು ಹಣ ಕೊಡುತ್ತೇವೆ, ಕೊಳೆಯದಂತೆ ಮಾತ್ರೆ ಕೊಡುವುದಿಲ್ಲ ಎಂದರೆ ಹೇಗೆ?

ಆದುದರಿಂದ ಕೇಳಬೇಕಾದದ್ದು ಸ್ಪಷ್ಟವಿದೆ. ರಾಜ್ಯ ತನ್ನ ಯೋಜನೆಯನ್ನು ಕಾಯ್ದೆಯಾಗಿ ಮಾಡಲಿ, ಸರಕಾರ ಬದಲಾದಾಗ ಹೆಸರು ಬದಲಾಗುವ ಆದೇಶವಾಗಿ ಅಲ್ಲ. ಬಿಪಿಎಲ್–ಎಪಿಎಲ್ ಗೋಡೆ ಬೀಳಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲಿ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ವರ್ಷವಿಡೀ ಇರಲಿ. ಖಾಸಗಿ ಆಸ್ಪತ್ರೆಗೆ ಕಳಿಸುವ ಶಿಫಾರಸು ಪತ್ರಕ್ಕಾಗಿ ಜಿಲ್ಲಾಸ್ಪತ್ರೆಯ ಕಾರಿಡಾರಿನಲ್ಲಿ ರೋಗಿಯ ಅಣ್ಣ ಮೂರು ದಿನ ಕಾಯುವುದು ತಪ್ಪಲಿ; ಆ ಚಿಕಿತ್ಸೆ ಜಿಲ್ಲಾಸ್ಪತ್ರೆಯಲ್ಲೇ ಸಿಗುವಂತಾದರೆ ಪತ್ರದ ಮಾತೇ ಬೇಕಾಗಿಲ್ಲ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬರುವವರ ಮುಂದೆ ಜಮಾಅತ್ ಕಮಿಟಿಗಳು ಸ್ಮಶಾನದ ಕಾಂಪೌಂಡಿಗಿಂತ ಮೊದಲು ಇದನ್ನು ಇಡಲಿ.