ಚೀಟಿ ಬರೆದ ಮೇಲೆ ಮಾತಿಗೆ ಕಟ್ಟುಬೀಳೋದು ಯಾರು?

ಈ ಸಲ ದಸರಾ ರಜೆಗೆ ಊರಿಗೆ ಹೊರಡೋ ವಾರ ನಮ್ಮ ರೂಮಿಗೆ ಎರಡು ಫೋನ್ ಬಂದವು. ನಾವಿಬ್ಬರು ರೂಮ್‌ಮೇಟ್ಸ್. ಒಬ್ಬರ ಮನೆ ಚಳ್ಳಕೆರೆ, ಅಪ್ಪನದು ಮಂಡಕ್ಕಿ-ಮೆಣಸಿನಕಾಯಿ ಅಂಗಡಿ. ಇನ್ನೊಬ್ಬರದು ಮೊಳಕಾಲ್ಮೂರು ತಾಲ್ಲೂಕು, ರಾಂಪುರದ ಕಡೆ ಒಂದು ಹಳ್ಳಿ, ನಾಲ್ಕು ಎಕರೆ ಶೇಂಗಾ.

ಮೊದಲನೇ ಫೋನ್: "ಎಣ್ಣೆ ಡೀಲರ್ ಕೇಳ್ತಿದಾನೆ. ಇಪ್ಪತ್ತು ಟಿನ್ನಿನ ದುಡ್ಡು ಈಗಲೇ ಕಟ್ಟಿದ್ರೆ ಯುಗಾದಿವರೆಗೂ ಇದೇ ರೇಟಂತೆ. ಏನ್ ಮಾಡೋಣ?"

ಎರಡನೇದು: "ಸಾವ್ಕಾರ್ರು ಅಡ್ವಾನ್ಸ್ ಕೊಡ್ತೀನಿ ಅಂತಿದಾರೆ. ಶೇಂಗಾ ಕೀಳೋಕ್ ಮುಂಚೆನೇ ರೇಟ್ ಮಾತಾಡ್ಕೊಂಡ್ಬಿಡೋಣ ಅಂತ. ಏನ್ ಮಾಡೋಣ?"

ಇಬ್ಬರೂ ಕೊನೆಗೆ ಹೇಳಿದ್ದು ಒಂದೇ. ಇಂಜಿನಿಯರಿಂಗ್ ಓದ್ತಿದೀರಲ್ಲ, ಲೆಕ್ಕ ಹಾಕಿ ಹೇಳ್ರಪ್ಪ.

ಹಾಕಿದೆವು. ಟಿನ್ನಿಗೆ 2,000 ರೂಪಾಯಿ ಅಂತ ಇಟ್ಕೊಳ್ಳಿ, ಇಪ್ಪತ್ತಕ್ಕೆ 40,000. ಅಷ್ಟು ದುಡ್ಡು ಗಲ್ಲಾದಲ್ಲಿ ಇರಲ್ಲ, ಸಾಲ ತರಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೂ ಆರು ತಿಂಗಳಿಗೆ 4,800. ಅಂದರೆ ಟಿನ್ನಿಗೆ 240. ಎಣ್ಣೆ ಶೇಕಡಾ 12ರಷ್ಟು ಏರಿದರೆ ಆಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಜಾಸ್ತಿ ಏರಿದರೆ ಮಾತ್ರ ಉಳಿತಾಯ. (15 ಲೀಟರ್ ಟಿನ್ನೋ 15 ಕೆಜಿ ಟಿನ್ನೋ ಅಂತಲೂ ಕೇಳಿ. 15 ಲೀಟರ್ ಎಣ್ಣೆ ತೂಗಿದರೆ ಹದಿಮೂರು ಮುಕ್ಕಾಲು ಕೆಜಿಯೂ ಪೂರ್ತಿ ಬರಲ್ಲ.)

ಹಾಗಾದರೆ ಏರುತ್ತಾ? ಇಲ್ಲೇ ನಮ್ಮ ಎಕ್ಸೆಲ್ ಶೀಟ್ ನಿಂತುಹೋಯ್ತು. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು, ಆದರೆ ಅಪ್ಪನ ಬಾಣಲೆಯಲ್ಲಿ ಕುದಿಯೋದು ಪಾಮ್ ಆಯಿಲ್. ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತೆ. 2022ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತು ನಿಲ್ಲಿಸಿತು, ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಕಚ್ಚಾ ಎಣ್ಣೆಗಳ ಒಟ್ಟು ಆಮದು ಸುಂಕವನ್ನ ಶೇ. 5.5ರಿಂದ 27.5ಕ್ಕೆ ಏರಿಸಿತು. 2025ರ ಮೇ ಕೊನೆಗೆ ಅದನ್ನೇ 16.5ಕ್ಕೆ ಇಳಿಸಿತು. ರಾತ್ರೋರಾತ್ರಿ ಬರೋ ಇಂಥ ನೋಟಿಫಿಕೇಶನ್ನನ್ನ ಯಾವ ಗ್ರಾಫ್ ನೋಡಿ ಊಹಿಸೋದು?

ಊಹೆ ಬಿಡಿ, ಅಪ್ಪ ಈ ಆಟವನ್ನ ಎರಡು ಸಲ ಆಡಿ ನೋಡಿದ್ದಾರೆ. 2024ರ ಆಗಸ್ಟ್‌ನಲ್ಲಿ ಹತ್ತು ಟಿನ್ನಿಗೆ ದುಡ್ಡು ಕಟ್ಟಿ ಚೀಟಿ ಬರೆಸಿಕೊಂಡರು. ನಾಲ್ಕು ಟಿನ್ ಬಂತು. ಗಣಪತಿ ಹಬ್ಬ ಆದ ವಾರವೇ ಸುಂಕ ಏರಿತು, ಟಿನ್ ರೇಟೂ ಏರಿತು. ಉಳಿದ ಆರು ಟಿನ್ ಕೇಳಿದರೆ "ಕಂಪನಿಯಿಂದ ಲೋಡೇ ಬಂದಿಲ್ಲ ಅಣ್ಣ." ಎರಡು ತಿಂಗಳು ಅಲೆದಾಡಿಸಿ ಕೊನೆಗೆ ಅಸಲು ವಾಪಸ್ ಕೊಟ್ಟ. ಈ ವರ್ಷ ಮೇ ತಿಂಗಳಲ್ಲಿ ಮತ್ತೆ ಹತ್ತು ಟಿನ್ ಬುಕ್ ಮಾಡಿದರು. ಈ ಸಲ ರೇಟು ಇಳೀತು. ಆಗ ಅದೇ ಡೀಲರ್ ವಾರಕ್ಕೊಂದು ಸಲ ತಾನಾಗೇ ಫೋನ್ ಮಾಡೋನು: "ಅಣ್ಣ, ನಿಮ್ ಟಿನ್ ರೆಡಿ ಇದೆ, ಗೋಡೌನ್‌ನಲ್ಲಿ ಜಾಗ ಇಲ್ಲ, ಬೇಗ ತಗೊಂಡೋಗಿ."

ಇದನ್ನ ಹೇಳಿಕೊಂಡು ನಕ್ಕೆವು. ಆಮೇಲೆ ಮೊಳಕಾಲ್ಮೂರಿನ ಕಥೆ ಕೇಳಿದರೆ ಅಲ್ಲೂ ಅದೇ. ಹೋದ ವರ್ಷವೂ ಅಡ್ವಾನ್ಸ್ ತಗೊಂಡು ಮೊದಲೇ ರೇಟ್ ಮಾತಾಡಿದ್ದರು. ತೂಕದ ದಿನ ಮಾರ್ಕೆಟ್ ಕೆಳಗಿತ್ತು. ಮಾತಾಡಿದ ರೇಟನ್ನ ಸಾವ್ಕಾರ್ರು ಮುರಿಯಲಿಲ್ಲ, ನಿಜ. ಆದರೆ ತೇವ ಜಾಸ್ತಿ ಅಂತ ಒಂದಿಷ್ಟು, ಜೊಳ್ಳು ಅಂತ ಒಂದಿಷ್ಟು, ಮಣ್ಣು ಅಂತ ಇನ್ನೊಂದಿಷ್ಟು ಕಳೆದರು. ಮಾರ್ಕೆಟ್ ಮೇಲಿದ್ದ ಹಿಂದಿನ ವರ್ಷ ಅದೇ ಹೊಲದ ಕಾಯಿಗೆ ತೇವ ಇರಲಿಲ್ಲವಂತೆ!

ನಮ್ಮ ವಾದ ಇಷ್ಟೇ. ರೇಟ್ ಲಾಕ್ ಮಾಡೋದು ಒಳ್ಳೆಯದೋ ಕೆಟ್ಟದ್ದೋ ಅಂತ ಎಲ್ಲರೂ ಕೇಳ್ತಾರೆ, ಆದರೆ ಆ ಚೀಟಿ ಎರಡೂ ಕಡೆಯವರನ್ನ ಕಟ್ಟಿಹಾಕುತ್ತಾ ಅನ್ನೋದನ್ನ ಮೊದಲು ನೋಡಬೇಕು. ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಕೊಳ್ಳೋನೂ ಮಾರೋನೂ ಇಬ್ಬರೂ ಎಕ್ಸ್‌ಚೇಂಜ್‌ನಲ್ಲಿ ಮಾರ್ಜಿನ್ ಹಣ ಇಡಬೇಕು, ದಿನದ ಏರಿಳಿತ ದಿನವೇ ಚುಕ್ತಾ ಆಗುತ್ತೆ. ಹಾಗಾಗಿ ಮಾತು ತಪ್ಪೋದು ಸುಲಭ ಅಲ್ಲ. (ಕಚ್ಚಾ ಪಾಮ್ ಎಣ್ಣೆ, ಸೋಯಾ, ಸಾಸಿವೆಯ ಫ್ಯೂಚರ್ಸನ್ನ ಸೆಬಿ 2021ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಇಪ್ಪತ್ತು ಟಿನ್ನಿನ ಅಂಗಡಿಗೆ ಅದು ಮೊದಲೂ ಎಟುಕುತ್ತಿರಲಿಲ್ಲ ಬಿಡಿ.) ಡೀಲರ್ ಚೀಟಿಯಲ್ಲಿ ಮುಂಗಡ ಇಡೋನು ಒಬ್ಬನೇ. ಮಾತು ತಪ್ಪಿದರೆ ಕಳ್ಕೊಳ್ಳೋಕೆ ಇನ್ನೊಬ್ಬನ ಹತ್ತಿರ ಏನೂ ಇಲ್ಲ.

ಸರ್ಕಾರದ್ದೂ ಒಂದು ಲಾಕ್ ಇದೆ, ಬೆಂಬಲ ಬೆಲೆ. ಶೇಂಗಾಕ್ಕೆ 2024-25ರಲ್ಲಿ ಕ್ವಿಂಟಾಲಿಗೆ 6,783 ರೂಪಾಯಿ ಇತ್ತು, 2025-26ಕ್ಕೆ 7,263. ಆದರೆ ಖರೀದಿ ಕೇಂದ್ರ ತೆರೆಯೋವರೆಗೆ ಕಾಯೋ ಶಕ್ತಿ ಇದ್ದವರಿಗೆ ಮಾತ್ರ ಅದು ಬೆಲೆ. ಎಪಿಎಂಸಿಯ ಅಡಮಾನ ಸಾಲವೂ ಹಾಗೇ. ಗೋದಾಮಿನಲ್ಲಿ ಮಾಲು ಇಟ್ಟರೆ ಸಾಲ, ನೆಲದೊಳಗೆ ಇರೋ ಕಾಯಿಗೆ ಯಾರು ಕೊಡ್ತಾರೆ?

ಲಾಕ್ ಮಾಡಲೇಬಾರದು ಅಂತ ನಾವು ಹೇಳ್ತಿಲ್ಲ. ನಾಳೆ ಎಣ್ಣೆ ಮುಗಿಲಿಗೇರಿದರೆ ಬೈಸಿಕೊಳ್ಳೋರೂ ನಾವೇ. ಆದರೆ ಕೈಗೆ ಬಂದ ಮಾಲಿಗೆ ಮಾತ್ರ ದುಡ್ಡು ಕೊಡಿ ಅಂತೀವಿ. ಅಂಗಡಿ ಹಿಂದಿನ ರೂಮಿನಲ್ಲಿ ಐದು ಟಿನ್ ಹಿಡಿಯುತ್ತೆ, ಅಷ್ಟನ್ನ ಗಲ್ಲಾದ ದುಡ್ಡಲ್ಲೇ ತಂದಿಡಬಹುದು. ಆ ಐದು ಟಿನ್ನಿನ ರೇಟು ನಿಜವಾಗ್ಲೂ ಲಾಕ್ ಆಯ್ತು. ಯಾರೂ "ಲೋಡ್ ಬಂದಿಲ್ಲ" ಅನ್ನೋ ಹಾಗಿಲ್ಲ. ಚಳ್ಳಕೆರೆ ಅಪ್ಪನಿಗೆ ಇಷ್ಟೇ ಹೇಳಿದೆವು, ಅವರು ಒಪ್ಪಿದರು. ಡೀಲರ್‌ಗೆ ಬೇಜಾರಾಯ್ತಂತೆ.

ರಾಂಪುರದ ಕಡೆಗೆ ಉತ್ತರ ಹೇಳೋದು ಮಾತ್ರ ಕಷ್ಟ ಆಯ್ತು. ಕಿತ್ತು, ಒಣಗಿಸಿ, ಮನೆಯಲ್ಲಿಟ್ಟುಕೊಂಡು ರೇಟು ನೋಡಿ ಮಾರಿ ಅಂತ ಹೇಳಬಹುದಿತ್ತು. ಆದರೆ ಆ ಅಡ್ವಾನ್ಸ್ ಯಾಕೆ ಬೇಕು ಅಂತ ಕೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಿನ್ ಫೀಸಿಗೇ ಕಣಪ್ಪ." ಫೀಸ್ ಕಟ್ಟೋ ಕೊನೇ ದಿನಾಂಕ ಅಕ್ಟೋಬರ್ ಮೊದಲ ವಾರ. ನಮ್ಮ ಕಡೆ ಶೇಂಗಾ ಮಾರ್ಕೆಟ್ಟಿಗೆ ಬರೋದು ಅಕ್ಟೋಬರ್ ಕೊನೆ, ನವೆಂಬರ್. ಈ ನಾಲ್ಕೈದು ವಾರದ ಅಂತರವನ್ನೇ ಸಾವ್ಕಾರ್ರು ಅಗ್ಗಕ್ಕೆ ಕೊಂಡುಕೊಳ್ತಿರೋದು. ಆ ದಿನಾಂಕ ಹಾಕಿದೋರಿಗೆ ಶೇಂಗಾ ಯಾವಾಗ ಕೀಳ್ತಾರೆ ಅಂತ ಗೊತ್ತಿರಬೇಕಿಲ್ಲ. ಆದರೆ ಗೊತ್ತಿರೋ ನಾವೂ ಎರಡು ವರ್ಷ ಬಾಯಿ ಬಿಡದೆ ಕೂತಿದ್ದೆವು.

ಅಡ್ವಾನ್ಸ್ ಈಗಲೇ ತಗೋಬೇಡಿ, ಹದಿನೈದು ದಿನ ತಡೀರಿ ಅಂತ ಹೇಳಿದ್ದೀವಿ. ಡಿಸೆಂಬರ್‌ವರೆಗೆ ದಂಡ ಇಲ್ಲದೆ ಎರಡು ಕಂತಲ್ಲಿ ಫೀಸ್ ಕಟ್ಟೋಕೆ ಅವಕಾಶ ಕೊಡಿ ಅಂತ ಆಫೀಸಿಗೆ ಅರ್ಜಿ ಬರೆದೆವು. ನಮ್ಮ ಬ್ಯಾಚಿನ ಇನ್ನೂ ಹನ್ನೊಂದು ಜನ ಸಹಿ ಹಾಕಿದ್ದಾರೆ. ಶೇಂಗಾ, ಮೆಕ್ಕೆಜೋಳ, ಈರುಳ್ಳಿ, ಎಲ್ಲ ಮನೆಯವರೂ ಇದ್ದಾರೆ. ಸೋಮವಾರ ಬನ್ನಿ ಅಂದಿದ್ದಾರೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇದ್ದರೆ ಅದಕ್ಕೆ ಮುಂಚೆ ನಮ್ಮ ರೂಮಿಗೆ ಬಂದು ಸಹಿ ಹಾಕಿ ಹೋಗಿ.