ಮನೆ ಕೆಡವುವ ಮೊದಲು ಕಸಕ್ಕೆ ಜಾಗ ನೋಡಿ

ಆನೆಗೊಂದಿಯಲ್ಲಿ ನಮ್ಮದು ಎರಡೂವರೆ ಎಕರೆ ಗದ್ದೆ. ವಿಜಯನಗರದ ಕಾಲದ ಕಾಲುವೆಯ ನೀರು. ನಾಲ್ಕು ವರ್ಷದ ಹಿಂದೆ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದವರಾದರೂ ಅದನ್ನು ಮಾಡದಿರಲಿ ಎಂದು.

ನಮ್ಮ ಹಳೇ ಮನೆಯ ಮುಂಭಾಗ ಕಲ್ಲು-ಮಣ್ಣಿನ ಮಾಳಿಗೆ. ಹಿಂದಿನ ಎರಡು ಕೋಣೆ ಅಪ್ಪ ಸಿಮೆಂಟಿನಲ್ಲಿ ಕಟ್ಟಿಸಿದ್ದು. ಎರಡನ್ನೂ ಕೆಡವಿ ಹೊಸ ಮನೆಗೆ ಕೈಹಾಕಿದೆ. ಗುತ್ತಿಗೆದಾರನ ಹತ್ತಿರ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಮಾತಾಡಿದೆ. ‘ಒಡೆದು ಸಾಗಿಸುವುದು’ ಅಂತಲೂ ಬರೆಸಿದೆ. ಎಲ್ಲಿಗೆ ಸಾಗಿಸುತ್ತೀ ಎಂದು ಮಾತ್ರ ಕೇಳಲಿಲ್ಲ.

ಜೇಸಿಬಿ ಬಂತು. ಅರ್ಧ ದಿನದಲ್ಲಿ ಮಣ್ಣು, ಗಾರೆ, ಮೊಳೆ, ಗಾಜು, ವೈರು ಎಲ್ಲ ಒಂದೇ ಗುಡ್ಡೆ. ಟ್ರ್ಯಾಕ್ಟರಿನ ಹುಡುಗ “ಎಲ್ಲಿ ಹಾಕ್ಲಿ ಯಜಮಾನ್ರ?” ಎಂದ. “ಗದ್ದಿ ದಾರಿಗೆ ಸುರಿಯಪ್ಪ, ತಗ್ಗು ತುಂಬಲಿ” ಎಂದೆ. ಉಳಿದದ್ದು ಬಸಿಗಾಲುವೆ ದಂಡೆಗೆ ಬಿತ್ತು.

ಮುಂದಿನ ಮಳೆಗೆ ಅದು ಜಾರಿ ಬಸಿಗಾಲುವೆ ಕಟ್ಟಿಕೊಂಡಿತು. ಕೆಳಗಿನ ಗದ್ದೆಯಲ್ಲಿ ನೀರು ನಿಂತು, ಆಗಷ್ಟೇ ಹಚ್ಚಿದ ಸಸಿ ಕೊಳೆಯಿತು. ಆ ವರ್ಷ ನಮ್ಮ ಗದ್ದೆಗೆ ನಾಟಿಗೆ ಬಂದ ಹೆಣ್ಣುಮಗಳೊಬ್ಬಳ ಕಾಲಿಗೆ ತುಕ್ಕು ಹಿಡಿದ ಮೊಳೆ ಹೊಕ್ಕಿತು. ಇಂಜೆಕ್ಷನ್ ಕೊಡಿಸಿದೆ, ಕೂಲಿ ಕೊಟ್ಟೆ. ಆದರೆ ಆಕೆ ಅಂದದ್ದು ಇನ್ನೂ ನೆನಪಿದೆ: “ಮನಿ ನೀವು ಕಟ್ಟಿಸ್ತೀರಿ, ಕಾಲು ನಮ್ಮವು ಹೋಗ್ತಾವ್ರಿ.”

ನಮ್ಮ ಹಿರಿಯರೂ ಮನೆ ಕೆಡವುತ್ತಿದ್ದರು. ಆದರೆ ಕಸ ಉಳಿಯುತ್ತಿರಲಿಲ್ಲ. ತೊಲೆ, ಜಂತಿ, ಬಾಗಿಲು ಇನ್ನೊಂದು ಮನೆಗೆ. ಕಲ್ಲು ಮತ್ತೆ ಗೋಡೆಗೆ. ಹಳೇ ಗೋಡೆಯ ಮಣ್ಣು ಹೊಲಕ್ಕೆ. ಸಿಮೆಂಟು ಬಂದ ಮೇಲೆ ಈ ಲೆಕ್ಕ ತಪ್ಪಿತು. ಮಣ್ಣಿನ ಜೊತೆ ಗಾರೆ ಬೆರೆತರೆ ಎರಡೂ ಕೆಟ್ಟವು. ಸಿಮೆಂಟಿನ ಪುಡಿ ಕ್ಷಾರ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮೊದಲೇ ಸವಳು-ಜವಳಿನ ಕಾಟ ಇದೆ. ಅದರ ಮೇಲೆ ಇದನ್ನೂ ನಾವೇ ಸುರಿದುಕೊಳ್ಳಬೇಕೇ?

ಪಕ್ಕದ ವಿರೂಪಾಪುರ ಗಡ್ಡಿಯನ್ನು ನೆನಪಿಸಿಕೊಳ್ಳಿ. ಹೊಳೆ ನಡುವಿನ ಆ ಭೂಮಿಯಲ್ಲಿ ಭತ್ತದ ಗದ್ದೆಗಳ ನಡುವೆ ರೆಸಾರ್ಟುಗಳು ಎದ್ದವು. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ಪ್ರವಾಸಿಗರು ಅಲ್ಲೇ ಸಿಕ್ಕಿಬಿದ್ದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, ಮಾರ್ಚಿನಲ್ಲಿ ಜೇಸಿಬಿ ಹೋದವು. ಸರಿ-ತಪ್ಪು ಎಲ್ಲರೂ ಚರ್ಚಿಸಿದರು. ನನ್ನ ಪ್ರಶ್ನೆ ಬೇರೆ. ಪ್ರವಾಹ ಬರುವ ಜಾಗದಲ್ಲಿ ಕಟ್ಟುವಾಗಲೇ, ಮುಂದೆ ಒಡೆದರೆ ಇದೆಲ್ಲ ಎಲ್ಲಿಗೆ ಎಂದು ಯಾರಾದರೂ ಯೋಚಿಸಿದ್ದರೇ? ಈಗ ಊರೂರಲ್ಲಿ ಹೋಂಸ್ಟೇ ಏಳುತ್ತಿವೆ. ಪ್ರಶ್ನೆ ಇನ್ನೂ ಹಾಗೇ ಇದೆ.

ಕಾನೂನು ಇಲ್ಲವೆಂದಲ್ಲ. ಕಟ್ಟಡದ ಕಸಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಪ್ರತ್ಯೇಕ ನಿಯಮ ಮಾಡಿತು. 2025ರಲ್ಲಿ ಅದರ ಬದಲಿಗೆ ಹೊಸದು ಹೊರಡಿಸಿತು, ಜಾರಿಗೆ 2026ರ ಏಪ್ರಿಲ್ 1 ಎಂದು ಗೊತ್ತುಮಾಡಿತು. ಅದರ ಮುಖ್ಯ ಹೊಣೆ 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ಕಟ್ಟಡದವರದು. ನಮ್ಮೂರ ಎರಡು ಕೋಣೆಯ ಮನೆ ಆ ಲೆಕ್ಕಕ್ಕೆ ಸಿಗದು. ಹಾಗಾಗಿ ಇದು ನಾವೇ ಮಾಡಿಕೊಳ್ಳಬೇಕಾದ ಕೆಲಸ.

ಏನು ಮಾಡಬಹುದು? ಜೇಸಿಬಿ ಕರೆಸುವ ಮೊದಲು ಎರಡು ದಿನ ಆಳು ಹಚ್ಚಿ. ಬಾಗಿಲು, ಕಿಟಕಿ, ವೈರು, ಪೈಪು ಬಿಚ್ಚಿಸಿ. ಮಾರಿದರೆ ಆ ಕೂಲಿಗೆ ಸ್ವಲ್ಪವಾದರೂ ಒದಗುತ್ತದೆ. ಮಣ್ಣಿನ ಗೋಡೆ ಮೊದಲು ಕೆಡವಿಸಿ, ಮಣ್ಣು ಬೇರೆ ಹಾಕಿಸಿ. ಆಮೇಲೆ ಸಿಮೆಂಟಿನದು. ಒಡೆದ ಇಟ್ಟಿಗೆ, ಕಾಂಕ್ರೀಟು ಹೊಸ ಮನೆಯ ತಳಪಾಯದೊಳಗೆ, ದನದ ಕೊಟ್ಟಿಗೆಯ ನೆಲದಡಿ ತುಂಬಲು ಬರುತ್ತದೆ. ಕಾಂಕ್ರೀಟನ್ನು ಜಲ್ಲಿ ಮಾಡಿ ಮರುಬಳಸಲು ಭಾರತೀಯ ಮಾನಕ ಸಂಸ್ಥೆಯೇ 2016ರಲ್ಲಿ ಒಪ್ಪಿಗೆ ಕೊಟ್ಟಿದೆ. ಹಳೇ ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಒಡೆಯಬೇಡಿ. ಅದರ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ನೀರು ಹಾಕಿ, ಇಡಿಯಾಗಿ ಇಳಿಸಿ. ನಮ್ಮೂರಲ್ಲಿ ಇನ್ನೊಂದು ಮಾತು. ಹಳೇ ಗೋಡೆಯಲ್ಲಿ ಅಕ್ಷರ, ಕೆತ್ತನೆ ಇರುವ ಕಲ್ಲು ಸಿಗಬಹುದು. ಅದನ್ನು ಕಸದ ಜೊತೆ ಕಳಿಸದೆ ಪಂಚಾಯಿತಿಗೆ ತಿಳಿಸಿ.

ಇಷ್ಟಾದ ಮೇಲೂ ಒಂದೆರಡು ಟ್ರ್ಯಾಕ್ಟರ್ ಉಳಿಯುತ್ತದೆ. ಅದಕ್ಕೆ ಪಂಚಾಯಿತಿ ಹೊಳೆ-ಕಾಲುವೆಯಿಂದ ದೂರ ಒಂದು ಜಾಗ ಗೊತ್ತುಮಾಡಲಿ. ಅಲ್ಲಿ ಕೂಡಿದ್ದನ್ನೇ ಊರ ರಸ್ತೆಯ ತಗ್ಗಿಗೆ ಬಳಸಲಿ. ಮನೆ ಕಟ್ಟಲು ಪರವಾನಗಿ ಕೇಳಿ ಬಂದವರಿಂದ ‘ಒಡೆದದ್ದು ಎಲ್ಲಿಗೆ?’ ಎಂಬ ಒಂದು ಸಾಲು ಬರೆಸಿಕೊಳ್ಳಲಿ. ಇದಕ್ಕೆ ಅನುದಾನ ಬೇಕಿಲ್ಲ. ಗ್ರಾಮಸಭೆಯಲ್ಲಿ ಒಬ್ಬರು ಎದ್ದು ಕೇಳಿದರೆ ಸಾಕು.

ನಾನು ಆ ಬಸಿಗಾಲುವೆಯನ್ನು ಸ್ವಂತ ಖರ್ಚಿನಲ್ಲಿ ತೆಗೆಸಿದೆ. ಗದ್ದೆಯಲ್ಲಿ ಗಾಜಿನ ಚೂರು ಮಾತ್ರ ಪ್ರತಿ ಉಳುಮೆಗೂ ಮೇಲೆ ಬರುತ್ತಿವೆ. ಆರಿಸುತ್ತಲೇ ಇದ್ದೇನೆ. ನಿಮ್ಮೂರಲ್ಲಿ ಇದಕ್ಕೆ ಯಾರಾದರೂ ಒಳ್ಳೇ ದಾರಿ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ.